ಊಟದ ಮೇಲೆ ಹಾಕಿದ ಅರ್ಧ ಸ್ಲ್ಯಾಬ್

ಸ್ಲ್ಯಾಬ್ ಹಾಕಿದ ಮರುದಿನ ಬೆಳಿಗ್ಗೆ ಗುತ್ತಿಗೆದಾರನಿಂದ ಫೋನ್ ಬಂತೆಂದರೆ ಅದು ಒಳ್ಳೆಯ ಸುದ್ದಿಯಾಗಿರುವುದಿಲ್ಲ. ಎಲ್ಲ ಸರಿಯಾಗಿದ್ದರೆ ಅವನು ಆ ಹೊತ್ತಿಗೆ ಇನ್ನೂ ಗೊರಕೆ ಹೊಡೆಯುತ್ತಿರುತ್ತಾನೆ. ಆಗ ನನ್ನ ಅಂಗಡಿಗೆ ಫೋನ್ ಇರಲಿಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಪಕ್ಕದ ಎಣ್ಣೆ ಗಿರಣಿಯ ಫೋನೇ ನನ್ನದೂ ಆಗಿತ್ತು. ಗಿರಣಿಯವರು ಗೋಡೆಯಾಚೆಯಿಂದ ಕೂಗಿದರು. ಓಡಿಹೋಗಿ ರಿಸೀವರ್ ಹಿಡಿದರೆ ಬ್ಯಾಡಗಿಯಿಂದ ನಮ್ಮ ಗುತ್ತಿಗೆದಾರನ ದನಿ.

“ಭಾಯಿ, ಅರ್ಧ ಸ್ಲ್ಯಾಬ್ ಹಿಡದಿಲ್ಲರಿ. ಕಾಲಿಟ್ರ ಒಳಗ ಇಳೀತೈತಿ. ಲಗೂ ಬರ್ರಿ.”

ಚಹಾ ಅಲ್ಲೇ ಬಿಟ್ಟು ಮೋಟರ್ ಸೈಕಲ್ ಹತ್ತಿದೆ. ಮೋಟೆಬೆನ್ನೂರಿನ ತಿರುವು ಬರುವವರೆಗೂ ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಒಂದೇ ಯೋಚನೆ. ನಾನು ಬಾಡಿಗೆಗೆ ಕೊಟ್ಟ ಮಷೀನಿನಿಂದ ಏನಾದರೂ ಆಯಿತೇ? ಡೀಸೆಲ್ ಸೋರಿ ಕಾಂಕ್ರೀಟಿನಲ್ಲಿ ಬೆರೆಯಿತೇ? ಮಷೀನು ನೋಡಿಕೊಳ್ಳುವ ನನ್ನ ಫಿಟ್ಟರ್ ಅಂಥ ಬೇಜವಾಬ್ದಾರಿಯವನಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ನಮ್ಮ ಕಡೆ ಸ್ಲ್ಯಾಬ್ ಹಾಕುವುದೆಂದರೆ ಒಂದು ಮದುವೆ ಮಾಡಿದಷ್ಟು ಓಡಾಟ. ಹಲಗೆ ಒಬ್ಬನ ಬಳಿ, ಬಿದಿರು ಇನ್ನೊಬ್ಬನ ಬಳಿ, ನೀರಿನ ಟ್ಯಾಂಕರು ಮತ್ತೊಬ್ಬನ ಬಳಿ. ಐದು ಕಡೆ ಮಾತು ಕೊಟ್ಟವರಲ್ಲಿ ಒಬ್ಬ ಕೈ ಕೊಟ್ಟರೆ ಸಾಕು, ಕರೆಸಿದ ಆಳುಗಳೆಲ್ಲ ಕೂತು ಬೀಡಿ ಸೇದಿ ಮನೆಗೆ ಹೋಗುತ್ತಿದ್ದರು. ಹಾಗಾಗಿ ಸಣ್ಣ ಗುತ್ತಿಗೆದಾರರು ದೊಡ್ಡ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಕಾಂಪೌಂಡು, ಎರಡು ಕೋಣೆಯ ಮನೆ, ಇಷ್ಟರಲ್ಲೇ ಅವರ ಆಯುಷ್ಯ ಸವೆಯುತ್ತಿತ್ತು. ಇದನ್ನು ನೋಡಿ ನೋಡಿ ಬೇಸತ್ತೇ ನಾನು ಎಲ್ಲವನ್ನೂ ಒಂದೇ ಕಡೆ ಇಟ್ಟು ಬಾಡಿಗೆಗೆ ಕೊಡಲು ಶುರು ಮಾಡಿದ್ದು. ಕಾಂಕ್ರೀಟ್ ಕಲಸುವ ಮಿಕ್ಸರ್, ಅದನ್ನು ಒಳಗೆ ಕೂರಿಸುವ ವೈಬ್ರೇಟರ್, ಹಸಿ ಕಾಂಕ್ರೀಟನ್ನು ಕೆಳಗಿನಿಂದ ಹೊರುವ ಸೆಂಟ್ರಿಂಗಿಗೆ ಕಬ್ಬಿಣದ ಪ್ಲೇಟು, ಆಧಾರದ ಕಂಬ, ನೀರಿನ ಟ್ಯಾಂಕರು. ಹೇಳಿದ ದಿನ ಸೂರ್ಯ ಏಳುವ ಮೊದಲೇ ಮಷೀನು ಸೈಟಿನಲ್ಲಿರಬೇಕು, ಜತೆಗೆ ಒಂದು ಹೆಚ್ಚಿನ ಬೆಲ್ಟು, ಕೊನೆಯ ಬುಟ್ಟಿ ಬೀಳುವವರೆಗೆ ನನ್ನ ಫಿಟ್ಟರ್. ಈ ವಿಷಯದಲ್ಲಿ ನಾನು ಮೊಂಡ. ನಮ್ಮ ಮನೆಯಲ್ಲಿ ಉರ್ದು, ಸೈಟಿನಲ್ಲಿ ಕನ್ನಡ, ತಡ ಮಾಡಿದವರನ್ನು ಬೈಯುವುದಕ್ಕೆ ಎರಡೂ.

ಬ್ಯಾಡಗಿಯಲ್ಲಿ ಕೆಲಸ ಹಿಡಿದಿದ್ದ ಈ ಗುತ್ತಿಗೆದಾರ ಮೋಟೆಬೆನ್ನೂರಿನವನು. ಗೌಂಡಿ ಕೆಲಸದಿಂದ ಮೇಲೆ ಬಂದವನು, ಮಾತು ಕಡಿಮೆ, ಕೆಲಸ ಚೊಕ್ಕ. ನನ್ನ ಮಷೀನಿನ ಧೈರ್ಯದ ಮೇಲೆಯೇ ಅವನು ಮೊದಲ ಬಾರಿ ದೊಡ್ಡದಕ್ಕೆ ಕೈ ಹಾಕಿದ್ದ. ಪೇಟೆಯ ಒಬ್ಬ ಮೆಣಸಿನಕಾಯಿ ದಲಾಲಿ ಸಾವ್ಕಾರರ ಗೋದಾಮು. ಕೆಳಗೆ ಗೋದಾಮು, ಮುಂದೆ ಅದರ ಮೇಲೆ ಮನೆ. ಸಾವ್ಕಾರರು ಮೊದಲೇ ಖಡಾಖಡಿ ಹೇಳಿದ್ದರು: ಈ ಸ್ಲ್ಯಾಬ್ ನೆಟ್ಟಗಾದರೆ ಮೇಲಿನ ಮನೆಯೂ ನಿನ್ನದೇ, ಇಲ್ಲವಾದರೆ ಹುಬ್ಬಳ್ಳಿಯ ಪಾರ್ಟಿ ಬರುತ್ತದೆ. ಪೇಟೆಯ ಬಾಕಿ ವ್ಯಾಪಾರಿಗಳೂ ಆ ಗೋದಾಮನ್ನೇ ನೋಡುತ್ತಾ ಕೂತಿದ್ದರು. ಇದು ಗೆದ್ದರೆ ಅವನು ಗುತ್ತಿಗೆದಾರ, ಸೋತರೆ ಮತ್ತೆ ಕೈಯಲ್ಲಿ ಗೌಂಡಿಯ ಕರಣಿ.

ಹಿಂದಿನ ದಿನ ಸ್ಲ್ಯಾಬ್ ಹಾಕುವಾಗ ನಾನೇ ಸಂಜೆವರೆಗೆ ನಿಂತಿದ್ದೆ. ಬೆಳಿಗ್ಗೆ ಮಷೀನಿಗೆ ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ ಶುರು ಮಾಡಿದರು. ಜಲ್ಲಿಕಲ್ಲಿನ ಕಡಿ, ಉಸುಕು, ಸಿಮೆಂಟು ಅಳತೆಯಂತೆ ಬಿದ್ದವು. ನೀರಿಗೆ ಮಷೀನಿನ ಪಕ್ಕ ಒಂದು ಬ್ಯಾರಲ್ ಇತ್ತು, ಟ್ಯಾಂಕರಿನಿಂದ ಅದಕ್ಕೆ ತುಂಬುವುದು, ಅದರಿಂದ ಡಬ್ಬಿಯಲ್ಲಿ ಅಳೆದು ಮಷೀನಿಗೆ ಹೊಯ್ಯುವುದು. ನಡುವೆ ಸ್ಲ್ಯಾಬಿನ ದಿನದ ಊಟ. ಮಾಲೀಕರ ಮನೆಯವರೇ ಆಳುಗಳಿಗೆ ಬಡಿಸುವುದು ನಮ್ಮ ಕಡೆಯ ಪದ್ಧತಿ. ಸಾವ್ಕಾರರು ವ್ಯಾಪಾರಕ್ಕೆ ಹುಬ್ಬಳ್ಳಿಗೆ ಹೋಗಿದ್ದರಿಂದ ಅವರ ತಾಯಿ ಮುಂದೆ ನಿಂತು ಗೋದಿ ಹುಗ್ಗಿ ಮಾಡಿಸಿ, ಮೇಲೆ ತುಪ್ಪ ಹಾಕಿ ಬಡಿಸಿದ್ದರು. ಅಂಥ ಹುಗ್ಗಿ ಉಂಡ ಮೇಲೂ ಆಳುಗಳು ಎದ್ದು ಬುಟ್ಟಿ ಹೊತ್ತರಲ್ಲ, ಅದೇ ದೊಡ್ಡದು. ಹೊತ್ತು ಮುಳುಗುವ ಮೊದಲು ಕೊನೆಯ ಮೂಲೆಯೂ ಮುಗಿದಿತ್ತು. ಎಲ್ಲೂ ಲೋಪ ಕಾಣಲಿಲ್ಲ.

ಈಗ ಹೋಗಿ ಏಣಿ ಹತ್ತಿ ನೋಡಿದೆ. ಬೆಳಿಗ್ಗೆ ಹಾಕಿದ ಅರ್ಧ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಊಟದ ಮೇಲೆ ಹಾಕಿದ ಅರ್ಧ ಇನ್ನೂ ಕಪ್ಪಗೆ, ಹಸಿಯಾಗಿ, ಈಗಷ್ಟೇ ಸುರಿದ ಹಾಗೆ. ಬೆರಳು ಒತ್ತಿದರೆ ಇಳಿಯುತ್ತಿತ್ತು. ನಡುವೆ ಎಳೆದಂತೆ ಗೆರೆ.

ಗುತ್ತಿಗೆದಾರ ಆಗಲೇ ಆಳುಗಳನ್ನು ಕರೆಸಿದ್ದ. ಅವರ ಕೈಯಲ್ಲಿ ಸಲಿಕೆ, ಬುಟ್ಟಿ. ಸಿಮೆಂಟೇ ಖೊಟ್ಟಿ ಬಂದಿದೆ ಎಂದು ಅವನು ನಂಬಿಬಿಟ್ಟಿದ್ದ. ಆಳುಗಳಲ್ಲಿ ಒಂದಿಬ್ಬರು, ಕೈಯಿಂದ ಕಲಸುವುದನ್ನು ಬಿಟ್ಟು ಮಷೀನು ತಂದರೆ ಹೀಗೇ ಆಗುವುದು ಎಂದು ನನಗೆ ಕೇಳುವ ಹಾಗೆಯೇ ಗೊಣಗಿದರು.

“ಈಗ ಕೆದರಿದ್ರ ಸಲಿಕಿಲೆ ಬರತೈತ್ರಿ,” ಎಂದ ಗುತ್ತಿಗೆದಾರ. “ನಾಳೆ ಅರ್ಧಮರ್ಧ ಹಿಡಕೊಂಡ್ರ ಉಳಿ ಹಚ್ಚಿ ಒಡೀಬೇಕು, ಒಳಗಿನ ಕಬ್ಬಣನೂ ಕೆಡತೈತಿ. ನಾಳೆ ಸಾವ್ಕಾರ್ರು ಬರ್ತಾರ. ಅವರು ಇದನ್ನ ಹಿಂಗ ನೋಡಿದ್ರಂದ್ರ ಮುಗೀತು ನನ್ನ ಕಥಿ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಿಡಿಯದ ಕಾಂಕ್ರೀಟನ್ನು ತೆಗೆಯುವುದಿದ್ದರೆ ಈಗಲೇ ತೆಗೆಯಬೇಕು. ಆದರೆ ಒಂದು ಸಂಗತಿ ನನಗೆ ಸರಿಬರಲಿಲ್ಲ. ಸಿಮೆಂಟು ಬೆಳಗಿನದೂ ಅದೇ, ಮಧ್ಯಾಹ್ನದ್ದೂ ಅದೇ. ಚೀಲಗಳು ಒಂದೇ ಲಾರಿಯಲ್ಲಿ ಬಂದವು. ಮಷೀನೂ ಒಂದೇ. ಹಾಗಿದ್ದರೆ ಊಟದ ಹೊತ್ತಿನಲ್ಲಿ ಬದಲಾದದ್ದು ಏನು? ಅರ್ಧ ಗಂಟೆ ಸಲಿಕೆ ಮುಟ್ಟಬೇಡಿ ಎಂದು ಹೇಳಿ ಕೆಳಗಿಳಿದೆ.

ಮಷೀನಿನ ಡ್ರಮ್ಮಿನೊಳಗೆ ಕೈಯಾಡಿಸಿದೆ, ಡೀಸೆಲ್ ವಾಸನೆ ಇಲ್ಲ. ಉಳಿದ ಉಸುಕನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದೆ, ಮಣ್ಣಿಲ್ಲ. ಬ್ಯಾರಲ್ ಬಳಿ ಬಂದಾಗ ಇರುವೆ ಸಾಲು ಕಂಡಿತು. ಹುಗ್ಗಿ ಚೆಲ್ಲಿರಬೇಕೆಂದು ಗುತ್ತಿಗೆದಾರ ಅಂದ. ಊಟ ನಡೆದದ್ದು ಆಚೆ ಅಂಗಳದಲ್ಲಿ, ಇಲ್ಲಿ ಯಾರೂ ಎಲೆ ಹಾಕಿರಲಿಲ್ಲ. ಮೇಲಾಗಿ ಇರುವೆಗಳು ಬ್ಯಾರಲ್ಲಿನ ಹೊರಗೆ ಹತ್ತಿ ಒಳಗೆ ಇಳಿಯುತ್ತಿದ್ದವು. ಬಗ್ಗಿ ನೋಡಿದೆ. ತಳದಲ್ಲಿ ಬೆರಳ ಗಿಣ್ಣು ಮುಳುಗುವಷ್ಟು ಕಂದು ನೀರು. ಬೆರಳು ಅದ್ದಿ ನಾಲಗೆಗೆ ಇಟ್ಟೆ. ಸಿಹಿ.

ಬೆಲ್ಲ. ಸಿಮೆಂಟಿಗೆ ಸಕ್ಕರೆ ಆಗದೆಂದು ಯಾರೋ ಹೇಳಿದ್ದು ಕಿವಿಯಲ್ಲಿತ್ತು, ಆದರೆ ಎಷ್ಟು ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗುತ್ತಿಗೆದಾರ ನನ್ನನ್ನೂ ಬ್ಯಾರಲ್ಲನ್ನೂ ನೋಡಿ ಹಣೆ ಹಣೆ ಬಡಿದುಕೊಂಡ. ಯಾರಾದರೂ ಹೊಟ್ಟೆಕಿಚ್ಚಿಗೆ ಮಾಡಿದರೆಂದು ಅವನ ಅನುಮಾನ. ನನಗೆ ಬೇರೆ ಅನುಮಾನ ಬಂತು. ಹಿಂದಿನ ದಿನ ಇಡೀ ಸೈಟಿನಲ್ಲಿ ಬೆಲ್ಲ ಇದ್ದದ್ದು ಹುಗ್ಗಿ ಮಾಡಿಸಿದ ಒಬ್ಬರ ಕೈಯಲ್ಲಿ ಮಾತ್ರ.

ಸಾವ್ಕಾರರ ತಾಯಿ ಹಿಂದಿನ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಜತೆ ಕೂತಿದ್ದರು. ಅವರ ಮುಂದೆ ಹೋಗಿ ‘ನೀವು ಸ್ಲ್ಯಾಬ್ ಕೆಡಿಸಿದಿರಾ’ ಎಂದು ಕೇಳಲು ಬರುತ್ತದೆಯೇ? ಮೊದಲು ಹುಗ್ಗಿಯನ್ನು ಹೊಗಳಿದೆ. ಸುಳ್ಳೇನೂ ಅಲ್ಲ. ಆಮೇಲೆ, ಹುಗ್ಗಿಗೆ ಒಡೆದ ಬೆಲ್ಲ ಉಳಿದಿದ್ದರೆ ಏನು ಮಾಡಿದಿರಿ ಎಂದೆ. ಅವರು ತಡವರಿಸಲೇ ಇಲ್ಲ, ಒಂದು ಥರ ಹೆಮ್ಮೆಯಿಂದಲೇ ಹೇಳಿದರು.

“ನಮ್ಮ ಮಾವ ಈ ಮನಿ ಕಟ್ಟಿಸಿದಾಗ ಗಚ್ಚಿಗೆ ಬೆಲ್ಲದ ನೀರ ಹಾಕಿಸಿದ್ರು. ಇವತ್ತಿಗೂ ಗ್ವಾಡಿಗೆ ಮೊಳಿ ಇಳಿಯೂದಿಲ್ಲ. ನಿಮ್ಮ ಮಂದಿ ನೋಡಿದ್ರ ಬರೇ ನೀರು ಹಾಕಾಕತ್ತಿದ್ರು. ಕಂತ್ರಾಟದಾರ ಬೆಲ್ಲ ಉಳಸಾಕತ್ಯಾನ ಅಂತ ತಿಳದ್ನಿ. ಎಲ್ಲಾರೂ ಉಣ್ಣಾಕ ಕುಂತಾಗ ಅರ್ಧ ಪೆಂಟಿ ಬೆಲ್ಲಾ ಒಡದು ನಾನ ಬ್ಯಾರಲ್ಲಿಗೆ ಹಾಕಿದೆ.”

ಗಚ್ಚು ಅಂದರೆ ಹಳೆಯ ಕಾಲದ ಸುಣ್ಣದ ಗಾರೆ. ಅದಕ್ಕೆ ಬೆಲ್ಲ ಹಾಕುತ್ತಿದ್ದದ್ದು ನಿಜ. ಅವರ ಮನೆಯ ಗೋಡೆ ಗಟ್ಟಿ ಇದ್ದದ್ದೂ ನಿಜ. ಬೆಲ್ಲ ಉಳಿಸುವ ಗುತ್ತಿಗೆದಾರ ಎಂಬ ಮಾತು ಕೇಳಿ ಆ ಸಂಕಟದಲ್ಲೂ ನನಗೆ ನಗು ಬಂತು, ಆದರೆ ಪಕ್ಕದಲ್ಲಿ ನಿಂತಿದ್ದ ಗುತ್ತಿಗೆದಾರನ ಮುಖ ನೋಡಿ ನುಂಗಿಕೊಂಡೆ. ಮುದುಕಿ ಜಾಣೆ. ನಮ್ಮಿಬ್ಬರನ್ನೂ ಒಮ್ಮೆ ನೋಡಿ ಕೈಯಲ್ಲಿನ ಮೆಣಸಿನಕಾಯಿ ಕೆಳಗಿಟ್ಟರು.

“ಯಾಕ, ಕೆಟ್ಟತೇನು?”

“ಕೆಟ್ಟಿಲ್ಲರಿ ದೊಡ್ಡವ್ವಾರ. ಹಿಡಿಯೂದು ಸ್ವಲ್ಪ ತಡಾ ಆಗೇತಿ,” ಎಂದೆ. ಅದು ಖರೆಯೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಗೊತ್ತಿದ್ದವರು ಹಾವೇರಿಯಲ್ಲಿದ್ದರು. ಕೆರೆ, ಕಾಲುವೆ ಕಟ್ಟಿಸಿ ನಿವೃತ್ತರಾಗಿದ್ದ ಒಬ್ಬ ಎಂಜಿನಿಯರ್. ನನ್ನ ಮೊದಲ ಮಿಕ್ಸರ್ ಆರಿಸಿಕೊಟ್ಟವರೂ ಅವರೇ. ನಾನು ಬರುವವರೆಗೆ ಒಂದು ಬುಟ್ಟಿಯೂ ಕೆದರಬಾರದೆಂದು ಗುತ್ತಿಗೆದಾರನಿಂದ ಮಾತು ತೆಗೆದುಕೊಂಡು ಹೊರಟೆ. ಅವನು ಮಾತು ಕೊಟ್ಟ, ಆದರೆ ಆಳುಗಳನ್ನು ಮನೆಗೆ ಕಳಿಸಲಿಲ್ಲ. ಬಿಸಿಲು ಏರುತ್ತಿತ್ತು.

ಎಂಜಿನಿಯರ್ ಮಾತ್ರ ನನ್ನ ಗಡಿಬಿಡಿಗೆ ಸೊಪ್ಪು ಹಾಕದೆ, ಕೂರಿಸಿ, ನೀರು ಕೊಟ್ಟು, ಮೂರೇ ಪ್ರಶ್ನೆ ಕೇಳಿದರು. ಬೆಲ್ಲ ಎಷ್ಟು? ಊಟದ ಮೇಲೆ ಎಷ್ಟು ಚೀಲ ಸಿಮೆಂಟು ಹೋಯಿತು? ಬ್ಯಾರಲ್ ಖಾಲಿಯಾಗುವವರೆಗೆ ಅದೇ ನೀರೋ, ನಡುನಡುವೆ ತುಂಬಿದಿರೋ? ನಡುನಡುವೆ ತುಂಬಿದ್ದೆವು. ಅವರು ಒಂದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿ ಕನ್ನಡಕ ತೆಗೆದರು.

“ಸಕ್ಕರಿ ಸ್ವಲ್ಪ ಬಿದ್ರ ಸಿಮೆಂಟು ಸಾಯೂದಿಲ್ಲ, ತಡಾ ಮಾಡತೈತಿ. ಭಾಳ ಬಿದ್ರ ಕೆಡತೈತಿ. ನಿಮ್ಮದು ಸ್ವಲ್ಪದಾಗ ಬರತೈತಿ ಅಂತ ನನ್ನ ಲೆಕ್ಕ. ಒಣಗಾಕ ಬಿಡಬ್ಯಾಡ್ರಿ, ತುಳ್ಯಾಕ ಬಿಡಬ್ಯಾಡ್ರಿ. ನಾಡಿದ್ದು ಹೊತ್ತಿಗೆ ಹಿಡೀಬೇಕು. ಆದ್ರ ಕೆಳಗಿನ ಆಧಾರ ಮಾತ್ರ ವಾಡಿಕಿಗಿಂತ ಭಾಳ ದಿನ ಇರ್ಬೇಕು. ಲೆಕ್ಕ ನಂದು, ನಿರ್ಧಾರ ನಿಮ್ಮದು.”

ಬರುವ ದಾರಿಯಲ್ಲಿ ಮೋಟೆಬೆನ್ನೂರಿನಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ‘ಭಾಳ ದಿನ’ ಅನ್ನುವುದೇ ನನ್ನ ತೊಡಕು. ಆ ಪ್ಲೇಟುಗಳೂ ಕಂಬಗಳೂ ಬ್ಯಾಡಗಿಯಿಂದ ನೇರ ಹಾವೇರಿಯ ಇನ್ನೊಬ್ಬ ಗುತ್ತಿಗೆದಾರನ ಸೈಟಿಗೆ ಹೋಗಬೇಕಿತ್ತು. ಅವನು ದೊಡ್ಡ ಗಿರಾಕಿ, ಸಿಡುಕ. ನಾನು ಹೇಳಿದ ದಿನ ತಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ದಾವಣಗೆರೆಯವರನ್ನು ಬಿಟ್ಟು ನನ್ನ ಬಳಿ ಬಂದಿದ್ದ. ಅವನಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಾದರೆ ಇಲ್ಲಿನ ಆಧಾರವನ್ನು ಬೇಗ ಬಿಚ್ಚಬೇಕು. ಇಲ್ಲಿ ಬೇಗ ಬಿಚ್ಚುವುದಾದರೆ ಕಾಯುವ ಬದಲು ಈಗಲೇ ಕೆದರಿ ಹೊಸದಾಗಿ ಹಾಕುವುದೇ ವಾಸಿ. ನನ್ನ ವ್ಯಾಪಾರಕ್ಕೆ ಅದೇ ಅನುಕೂಲ, ಬಾಡಿಗೆಯೂ ಎರಡು ಸಲ. ಆದರೆ ಬ್ಯಾಡಗಿಯ ಗುತ್ತಿಗೆದಾರನಿಗೆ? ಸ್ಲ್ಯಾಬ್ ಕೆದರಿ ತೆಗೆದ ಗುತ್ತಿಗೆದಾರ ಎಂಬ ಹೆಸರು ಬ್ಯಾಡಗಿ ಪೇಟೆಯಲ್ಲಿ ಒಮ್ಮೆ ಬಂದರೆ ಯಾವ ನೀರಿನಲ್ಲೂ ತೊಳೆದು ಹೋಗುವುದಿಲ್ಲ. ಬಾಡಿಗೆಗೆ ಕೊಡುವವನ ಕೆಲಸ ಮಷೀನು ಇಳಿಸಿ ಬರುವುದಷ್ಟೇ ಆಗಿದ್ದರೆ ಹಲಗೆ ಕೊಟ್ಟು ಮರೆಯುವ ಬೇರೆಯವರಿಗೂ ನನಗೂ ಏನು ವ್ಯತ್ಯಾಸ?

ಸೈಟಿಗೆ ಹೋದಾಗ ಗುತ್ತಿಗೆದಾರ ಏಣಿಯ ಬುಡದಲ್ಲೇ ಕೂತಿದ್ದ. ಎಂಜಿನಿಯರ್ ಹೇಳಿದ್ದೆಲ್ಲ ಹೇಳಿದೆ, ಲೆಕ್ಕ ತಪ್ಪಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಹಿಡಿಯದಿದ್ದರೆ ಒಡೆಯುವ ಖರ್ಚು ಯಾರದು ಎಂದು ಕೇಳಿದ. ಇಬ್ಬರದೂ ಎಂದೆ.

“ಕೆದರೂದು ಬ್ಯಾಡ. ನನ್ನ ಪ್ಲೇಟು, ಕಂಬ ಎಷ್ಟು ದಿನ ಬೇಕೋ ಅಷ್ಟು ದಿನ ಇಲ್ಲೇ ಇರ್ಲಿ. ಹಾವೇರಿದ್ದು ನಾ ನೋಡ್ಕೋತೇನಿ.”

ಅವನು ಎದ್ದು ಆಳುಗಳ ಕೈಯಿಂದ ಸಲಿಕೆಗಳನ್ನು ತಾನೇ ಇಸಿದುಕೊಂಡು ಮೂಲೆಗೆ ಇಟ್ಟ.

ಈಗ ಆ ಹಿಡಿಯದ ಅರ್ಧವನ್ನು ಬಿಸಿಲಿನಿಂದ ಕಾಯಬೇಕಿತ್ತು. ಹಸಿ ಕಾಂಕ್ರೀಟಿನ ಮೇಲೆ ನೀರು ಸುರಿಯುವಂತಿಲ್ಲ, ಒದ್ದೆ ಚೀಲ ಹಾಸಬೇಕು. ಬ್ಯಾಡಗಿಯಲ್ಲಿ ಗೋಣಿಚೀಲಕ್ಕೆ ಬರವೇ? ದೊಡ್ಡವ್ವ ಅಂಗಡಿಯ ಹಳೆಯ ಚೀಲಗಳನ್ನೆಲ್ಲ ಹೊರಗೆ ಹಾಕಿಸಿದರು. ಆದರೆ ಅವೆಲ್ಲ ಮೆಣಸಿನಕಾಯಿಯ ಚೀಲ. ಝಾಡಿಸಿದ್ದೇ ತಡ, ಸೈಟಿಗೆಲ್ಲ ಸೀನು. ನೀರಿಗೆ ಅದ್ದಿದರೆ ನೀರು ಕೆಂಪು, ಮುಟ್ಟಿದವರ ಕೈ ಉರಿ. ಒಬ್ಬ ಮರೆತು ಕಣ್ಣು ಉಜ್ಜಿಕೊಂಡು ಟ್ಯಾಂಕರಿನ ನಲ್ಲಿಯ ಕೆಳಗೆ ತಲೆಯಿಟ್ಟು ಕುಣಿದ. ಗೋಡೆಯಿಂದ ಗೋಡೆಗೆ ಹಲಗೆ ಅಡ್ಡ ಇಟ್ಟು, ಅದರ ಮೇಲೆ ಬೋರಲು ಮಲಗಿ ಒಂದೊಂದೇ ಚೀಲವನ್ನು ಮಗುವಿಗೆ ಹೊದಿಸಿದ ಹಾಗೆ ಹಾಸಿದೆವು. ನಾನೂ ಹಾಸಿದೆ. ಮನೆಗೆ ಹೋದ ಮೇಲೂ ಉಣ್ಣುವಾಗ ಬೆರಳು ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಉಗುರು ಇನ್ನೂ ಇಳಿಯಿತು, ಆದರೆ ಹಿಂದಿನ ದಿನದಷ್ಟಲ್ಲ. ಸಾವ್ಕಾರರು ಹುಬ್ಬಳ್ಳಿಯಿಂದ ಬಂದರು. ಚೀಲ ಹೊದ್ದ ಸ್ಲ್ಯಾಬನ್ನು ಕೆಳಗಿನಿಂದಲೇ ನೋಡಿ, ಬಿಸಿಲಿಗೆ ಒಳ್ಳೆಯ ಬಂದೋಬಸ್ತು ಮಾಡಿದ್ದೀರಿ ಎಂದು ಹೇಳಿ ಅಂಗಡಿಗೆ ಹೋದರು. ಪೇಟೆ ತುಂಬಿದ್ದ ಕಾಲ, ಅವರಿಗೆ ಪುರಸೊತ್ತಿರಲಿಲ್ಲ. ಗುತ್ತಿಗೆದಾರನ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಅದರ ಮರುದಿನ ನಾನು ಚೀಲದ ಅಂಚು ಸರಿಸಿ ಉಗುರು ಒತ್ತಿದರೆ ಉಗುರೇ ಬಾಗಿತು. ಇನ್ನೊಂದು ಕಡೆ ಒತ್ತಿದೆ, ಮತ್ತೊಂದು ಕಡೆ ಒತ್ತಿದೆ. ಊಟ ಮುಗಿದ ಕೂಡಲೇ ಹಾಕಿದ ಪಟ್ಟಿಯೊಂದು ಮಾತ್ರ ಸಂಜೆಯವರೆಗೆ ಸತಾಯಿಸಿ ಆಮೇಲೆ ಹಿಡಿಯಿತು. ಚೀಲ ತೆಗೆದಾಗ ಅದರ ನೇಯ್ಗೆ ಸ್ಲ್ಯಾಬಿನ ಮೇಲೆ ಅಚ್ಚಾಗಿತ್ತು. ಎಷ್ಟು ಹಗುರಾಯಿತೆಂದರೆ ಅಲ್ಲೇ ಬಿಸಿಲಿನಲ್ಲಿ ಕಾಲು ಚಾಚಿ ಕೂತುಬಿಟ್ಟೆ. ಆಮೇಲೆ ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು.

ಹಿಡಿದದ್ದು ಒಂದು, ಭಾರ ತಡೆಯುವುದು ಇನ್ನೊಂದು. ಅದು ಆಧಾರ ಬಿಚ್ಚಿದಾಗಲೇ ಗೊತ್ತಾಗುವುದು. ಅಷ್ಟರೊಳಗೆ ಹಾವೇರಿಯ ಗುತ್ತಿಗೆದಾರನ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೆಲ್ಲ ಹಾಕಿದ್ದು ಯಾರು ಎಂಬುದೊಂದನ್ನು ಬಿಟ್ಟು. ಅವನು ನನ್ನ ಏಳು ತಲೆಮಾರನ್ನು ನೆನೆದ. ನೆನೆಯಲಿ ಎಂದು ಕೇಳಿಸಿಕೊಂಡು, ಗುತ್ತಲಕ್ಕೆ ಹೋಗಿ, ಕಬ್ಬಿಣದ ಪ್ಲೇಟುಗಳ ಕಾಲ ಬಂದ ಮೇಲೆ ಯಾರೂ ಕೇಳದೆ ಬಿದ್ದಿದ್ದ ಹಳೆಯ ಸೆಂಟ್ರಿಂಗ್ ಹಲಗೆ, ಬಿದಿರುಗಳನ್ನು ಹುಡುಕಿಸಿ, ಬಡಿಗೇರರನ್ನು ಕೂರಿಸಿ ಅಂಚು ಹೊಂದಿಸಿದೆ. ಹೇಳಿದ ದಿನವೇ ಅವನ ಸೈಟಿಗೆ ಇಳಿಸಿದೆ. ಹಲಗೆಗೆ ಹೆಚ್ಚು ಮೊಳೆ, ಹೆಚ್ಚು ಆಳು. ಆ ಹೆಚ್ಚಿನದೆಲ್ಲ ನನ್ನ ತಲೆಗೆ. ಅವನು ಗೊಣಗುತ್ತಲೇ ಸ್ಲ್ಯಾಬ್ ಹಾಕಿದ, ಗೊಣಗುತ್ತಲೇ ಮುಂದಿನ ಕೆಲಸಕ್ಕೂ ನನಗೇ ಹೇಳಿದ.

ಬ್ಯಾಡಗಿಯಲ್ಲಿ ಎಲ್ಲರೂ ಆಧಾರ ಬಿಚ್ಚುವ ಹೊತ್ತಿಗೆ ನಾವು ಬಿಚ್ಚಲಿಲ್ಲ. ಪೇಟೆಯಲ್ಲಿ ಮಾತು ಹುಟ್ಟಿತು: ಆ ಗೋದಾಮಿನ ಸ್ಲ್ಯಾಬ್ ಬಿಚ್ಚಲು ಅವರಿಗೇ ಹೆದರಿಕೆಯಂತೆ. ಗುತ್ತಿಗೆದಾರ ಚಹಾದಂಗಡಿಗೆ ಹೋಗುವುದನ್ನೇ ಬಿಟ್ಟ. ದೊಡ್ಡವ್ವ ದಿನಾ ಬೆಳಿಗ್ಗೆ ಗೋದಾಮಿನ ಬಾಗಿಲಿಗೆ ಬಂದು, ಒಳಗಿನ ಕಂಬಗಳ ಕಾಡನ್ನು ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಅವರು ಬೈದಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕೊನೆಗೆ ಎಂಜಿನಿಯರ್ ಬಂದು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಸಪ್ಪಳ ಕೇಳಿ ಹೂಂ ಅಂದ ಮೇಲೆ ದಿನ ಇಟ್ಟೆವು. ಸಾವ್ಕಾರರೂ ಬಂದು ನಿಂತರು, ಅವರ ಹಿಂದೆ ಪೇಟೆಯ ನಾಲ್ಕು ಮಂದಿ ತಮಾಷೆ ನೋಡಲು. ಸುತ್ತಿಗೆ ನಾನೇ ಹಿಡಿದೆ. ಬಿಚ್ಚುವುದು ನಡುವಿನಿಂದ ಶುರು ಮಾಡಿ ಗೋಡೆಯ ಕಡೆಗೆ. ಮೊದಲ ಕಂಬದ ಬುಡದ ಬೆಣೆ ಹೊಡೆದೆ. ಕಂಬ ಸಡಿಲಾಗಿ ಪಕ್ಕಕ್ಕೆ ವಾಲಿತು. ಮೇಲೆ ನೋಡಿದೆ. ಏನೂ ಆಗಲಿಲ್ಲ. ಎರಡನೆಯದು, ಮೂರನೆಯದು. ಪ್ಲೇಟುಗಳು ಒಂದೊಂದಾಗಿ ಕೆಳಗಿಳಿದವು. ಕೊನೆಗೆ ಇಡೀ ಸ್ಲ್ಯಾಬ್ ಬರಿದಾಗಿ ನಿಂತಿತು. ಒಂದು ಬಿರುಕಿಲ್ಲ, ಕೂದಲೆಳೆಯಷ್ಟೂ ಬಾಗಿರಲಿಲ್ಲ. ಅರ್ಧ ಮಾತ್ರ ಬಣ್ಣದಲ್ಲಿ ತುಸು ಕಪ್ಪು. ಗುತ್ತಿಗೆದಾರ ಗೋಡೆಗೆ ಕೈಯೂರಿ ನಿಂತುಕೊಂಡ.

ಸಾವ್ಕಾರರು ಆ ಬಣ್ಣದ ಗೆರೆಯನ್ನೇ ನೋಡುತ್ತಿದ್ದರು.

“ಇದೇನ್ರಿ ಅರ್ಧ ಹಿಂಗ, ಅರ್ಧ ಹಂಗ? ಇಷ್ಟು ದಿನಾ ಯಾಕ ಬಿಚ್ಚಲಿಲ್ಲ? ಪ್ಯಾಟ್ಯಾಗ ಮಂದಿ ಏನೇನೋ ಮಾತಾಡಾಕತ್ತಾರ. ಖರೇ ಹೇಳ್ರಿ.”

ಗುತ್ತಿಗೆದಾರ ತಲೆ ತಗ್ಗಿಸಿ, ಸಿಮೆಂಟು ಸ್ವಲ್ಪ ನಿಧಾನದ್ದು ಬಂದಿತ್ತು, ತಾನೇ ನೋಡಿ ತರಬೇಕಿತ್ತು ಎಂದ. ಹೀಗೆ ಹೇಳುವುದೆಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಮನೆಯ ಹಿರಿಯರ ಮೇಲೆ ಹೊರಿಸಿ ಯಾರು ಆ ಮನೆಯ ಕೆಲಸ ಮಾಡಿಯಾರು? ಸಾವ್ಕಾರರ ಹಿಂದಿದ್ದ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಬಾಗಿಲಿನಿಂದ ದೊಡ್ಡವ್ವನ ದನಿ ಬಂತು.

“ಸಿಮೆಂಟು ಛಲೋನ ಇತ್ತು. ನಾ ಅದರಾಗ ಬೆಲ್ಲಾ ಹಾಕಿದೆ. ಇವರಿಬ್ಬರೂ ಅದನ್ನ ಹೊಟ್ಟ್ಯಾಗ ಇಟಗೊಂಡು ನಿನ್ನ ಗುದಾಮು ಉಳಿಸಿಕೊಟ್ರು.”

ಹೇಳಿ, ಒಳಗೆ ನಡೆದು ಬಂದು, ಸ್ಲ್ಯಾಬಿನ ಆ ಕಪ್ಪು ಅರ್ಧದ ಕೆಳಗೆ, ನೆಲದ ಮೇಲೇ ಕಾಲು ಮಡಿಚಿ ಕೂತರು. ತೊಟ್ಟು ಮುರಿಯುವ ಹೆಂಗಸರನ್ನು ಕರೆದು ಬುಟ್ಟಿಗಳನ್ನೆಲ್ಲ ಇಲ್ಲಿಗೇ ತನ್ನಿ ಎಂದರು. ಅವರು ಬಂದು ಸುತ್ತ ಕೂತರು. ಪೇಟೆಯ ಮಂದಿ ಇನ್ನೇನು ಮಾತಾಡುತ್ತಾರೆ? ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಸಾವ್ಕಾರರು ತಾಯಿಯನ್ನು ನೋಡಿದರು, ಮೇಲೆ ನೋಡಿದರು, ಗುತ್ತಿಗೆದಾರನನ್ನು ನೋಡಿದರು. ಬಾಗಿಲವರೆಗೆ ಹೋದವರು ತಿರುಗಿ, ಮೇಲಿನ ಮನೆಯ ಸ್ಲ್ಯಾಬಿಗೆ ಮಷೀನು ಯಾವಾಗ ಖಾಲಿ ಇರುತ್ತದೆ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗುತ್ತಿಗೆದಾರ ಉತ್ತರ ಕೊಟ್ಟ. ಅಷ್ಟು ದಿನಗಳಲ್ಲಿ ಅವನು ತಲೆಯೆತ್ತಿ ಆಡಿದ ಮೊದಲ ಮಾತು ಅದು.

“ಅವರ್ನ ಕೇಳೂದು ಬ್ಯಾಡ್ರಿ. ನೀವು ಯಾವ ದಿನ ಅಂತ ಹೇಳ್ರಿ, ಮಷೀನು ಬಂದಿರತೈತಿ.”